ಮಾರದ ಮನೆಗೆ ಮಾರಾಟದ ಬೆಲೆ



ನಮ್ಮ ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮಾತ್ರ ಇದ್ದಲ್ಲೇ ಇದೆ. ಏರಿದ್ದು ಅದರ ಕಂದಾಯ.

ಮನೆಗಂದಾಯಕ್ಕೆ ಇಂದು ಆಧಾರ ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಅದನ್ನು ಸರಾಸರಿ ಶೇಕಡಾ 30ರಷ್ಟು ಏರಿಸಿದರು. ಅದು ಮಾರುವವನ ಬೆಲೆ, ಸ್ವಾಮಿ! ಪಕ್ಕದ ನಿವೇಶನವನ್ನು ಯಾವನೋ ದುಡ್ಡಿನ ಕುಳ ಕೊಂಡನೆಂದು, ಮಾರುವ ಯೋಚನೆಯೇ ಇಲ್ಲದ ಮುದುಕಿಯ ಪಿಂಚಣಿ ಕಾಸಿನಷ್ಟೂ ಹೆಚ್ಚುವುದಿಲ್ಲ.

ತೆರಿಗೆಯೇ ಬೇಡವೆನ್ನುವವರು ನಾವಲ್ಲ. ನಲ್ಲಿ, ಚರಂಡಿ, ಬೀದಿದೀಪ ಪುಕ್ಕಟೆ ಬರುವುದಿಲ್ಲ. ಆದರೆ ವಾಸದ ಮನೆಗೆ ಒಂದು ಲೆಕ್ಕ, ಬೆಲೆ ಏರಲೆಂದು ಖಾಲಿ ಬಿಟ್ಟ ನಿವೇಶನಕ್ಕೆ ಇನ್ನೊಂದು ಲೆಕ್ಕ ಇರಲಿ. ಮುದುಕಿ ಮನೆ ಮಾರಿದ ದಿನ ಬಂದು ಪಾಲು ಕೇಳಿ, ಕೊಡುತ್ತಾಳೆ.