ಯಾರ ಕಾದಂಬರಿ ಹೆಚ್ಚು ಖರ್ಚಾಗುತ್ತದೆ, ಅದರಲ್ಲಿ ನಾವೆಲ್ಲಿ?

(ಹೇಮಗುಡ್ಡದಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ಕನ್ನಡದಾಗ ದೊಡ್ಡ ಕಾದಂಬರಿಕಾರ ಯಾರು ಅಂತ ಕೇಳಿದರೆ ನೀವು ಥಟ್ಟನೆ ಒಂದು ಹೆಸರು ಹೇಳ್ತೀರಿ. ಯಾಕಪ್ಪಾ ಅಂದರೆ, 'ಅವರ ಪುಸ್ತಕ ಭಾಳ ಖರ್ಚಾಗ್ತಾವ್ರಿ' ಅಂತೀರಿ. ಹಾಗಾದರೆ ಖರ್ಚಿನ ಲೆಕ್ಕದಿಂದಲೇ ಶುರು ಮಾಡೋಣ.

ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಅ.ನ.ಕೃ. 100ಕ್ಕೂ ಹೆಚ್ಚು ಕಾದಂಬರಿ ಬರೆದು ಜನಕ್ಕೆ ಓದುವ ಚಟ ಹತ್ತಿಸಿದರು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು 500 ದಾಟಿದವು. ಭೈರಪ್ಪನವರ 'ಆವರಣ' 2007ರಲ್ಲಿ ಬಿಡುಗಡೆಗೆ ಮುಂಚೆಯೇ ಮೊದಲ ಮುದ್ರಣ ಮುಗಿಸಿತ್ತು. ಆದರೆ ಈ ಲೆಕ್ಕದಾಗ ನಾವಿಲ್ಲ. ನಾವು ಹಾಸ್ಟೆಲ್ಲಿನಲ್ಲಿದ್ದಾಗ ರಟ್ಟು ಹರಿದ ಒಂದೇ ಕಾದಂಬರಿ ನಲವತ್ತು ಹುಡುಗರ ಕೈ ದಾಟುತ್ತಿತ್ತು. ಕೊನೇ ಹಾಳೆಗಳೇ ಇರುತ್ತಿರಲಿಲ್ಲ. ಮುಂದೇನಾಯ್ತು ಅಂತ ನಾವೇ ಕಟ್ಟಿ ಹೇಳಿಕೊಳ್ಳುತ್ತಿದ್ದೆವು. ಅಂಗಡಿಯವನ ಲೆಕ್ಕಕ್ಕೆ ಅದು ಒಂದು ಪ್ರತಿ, ಅಷ್ಟೆ.

ಓದುವಾಗ ನಾಯಕ ನಾವೇ ಅಂದುಕೊಂಡಿರುತ್ತಿದ್ದೆವು. ಅವನು ಕಾಫಿ ಕುಡಿದರೆ ನಾವೇ ಕುಡಿದಂಗೆ. ಅಷ್ಟರಾಗ ಯಾವುದೋ ಪುಟದಲ್ಲಿ ಹಿತ್ತಲ ಬಾಗಿಲಿಗೆ ಒಬ್ಬ ಆಳು ಬಂದು ಕೈಕಟ್ಟಿ ನಿಲ್ಲುತ್ತಿದ್ದ. ನೋಡಿದರೆ ನಮ್ಮಪ್ಪ. ಆ ಪುಟವನ್ನು ಬೇಗ ಮಗುಚಿ ಹಾಕುತ್ತಿದ್ದೆವು.

ಕಸುಬುದಾರಿಕೆ ಇಲ್ಲ ಅಂತ ನಾವು ಹೇಳೋದಿಲ್ಲ. ತ್ರಿವೇಣಿ 35 ತುಂಬುವ ಮುಂಚೆ, 1963ರಲ್ಲಿ ತೀರಿಕೊಂಡರು. ಅವರ 'ಶರಪಂಜರ'ದಲ್ಲಿ ಹುಚ್ಚು ವಾಸಿಯಾಗಿ ಬಂದವಳನ್ನು ಮನೆಯವರೇ ನಂಬೋದಿಲ್ಲ. ಓದಿ ನೌಕರಿ ಹಿಡಿದ ಮೇಲೂ ಜನ ನಮ್ಮನ್ನು ಕೇರಿಯ ಹೆಸರಿನಿಂದಲೇ ನೋಡ್ತಾರಲ್ಲ, ಆ ನೋವು ಅಲ್ಲಿ ಸಿಗುತ್ತದೆ. ಆಕೆ ನಮಗಾಗಿ ಬರೆಯಲಿಲ್ಲ, ಆದರೂ ಸಿಗುತ್ತದೆ.

ತ.ರಾ.ಸು. ಕೋಟೆಯ ಕಥೆಗಾರರು. ನಮ್ಮ ಹೇಮಗುಡ್ಡದಲ್ಲೂ ಕೋಟೆಯಿದೆ, ಪಕ್ಕದ ಕುಮ್ಮಟದುರ್ಗದ ಕುಮಾರರಾಮನ ಕಥೆಯಿದೆ. ರಾಜರ ಕಥೆ ಎಲ್ಲಿಯೂ ಖರ್ಚಾಗುತ್ತದೆ. ಕಲ್ಲು ಹೊತ್ತವರದು? ಅವರ ಮೂರು ಕಾದಂಬರಿ ಸೇರಿಸಿ ಮಾಡಿದ 'ನಾಗರಹಾವು' ಸಿನಿಮಾ 1972ರಲ್ಲಿ ಬಂತು. ಅದರ ಹಾಡಿನಿಂದ ಓಬವ್ವ ಮನೆಮನೆಗೂ ಹೋದಳು. ಆಕೆ ಛಲವಾದಿಗಳ ಹೆಣ್ಣುಮಗಳು ಅನ್ನೋದು ಎಷ್ಟು ಮನೆಗೆ ಹೋಯಿತು?

ಭೈರಪ್ಪನವರ 'ದಾಟು'ವಿನಲ್ಲಿ ಜಾತಿಯೇ ವಸ್ತು. 1975ರಲ್ಲಿ ಅಕಾಡೆಮಿ ಪ್ರಶಸ್ತಿಯೂ ಬಂತು. ಆದರೆ ಕಥೆಯ ನಟ್ಟನಡುವೆ ಇರೋದು ಬ್ರಾಹ್ಮಣರ ಸತ್ಯಭಾಮೆ, ಗೌಡರ ಶ್ರೀನಿವಾಸ. ನಮ್ಮವರು ಬರುತ್ತಾರೆ, ಸಿಟ್ಟೂ ಮಾಡುತ್ತಾರೆ. ತೂಗಿ ನೋಡುವ ಕಣ್ಣು ಮಾತ್ರ ನಮ್ಮದಲ್ಲ. ಇದನ್ನು ಓದಿಯೇ ಜಗಳಾಡಬೇಕು, ಓದದೆ ಅಲ್ಲ.

1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯ ಬೂಸಾ ಅಂದರು. ಗಲಾಟೆಯಾಗಿ ಮಂತ್ರಿಗಿರಿ ಹೋಯಿತು. ಬೂಸಾ ತಿಂದೇ ಎಮ್ಮೆ ಹಾಲು ಕೊಡೋದು ಅಂತ ನಮ್ಮವ್ವಂದಿರಿಗೆ ಗೊತ್ತು, ಆ ಮಾತು ಬೇರೆ.

ದೇವನೂರ ಮಹಾದೇವರ 'ಕುಸುಮಬಾಲೆ' 1988ರದು, ಸಣ್ಣ ಪುಸ್ತಕ. ನಂಜನಗೂಡಿನ ಕಡೆಯ ಮಾತು ನಮಗೆ ಬಾಯಿಗೆ ಬರೋದಿಲ್ಲ ಅಂತ ಹುಡುಗರು ಕೆಳಗಿಡುತ್ತಾರೆ. ನಿಜ, ಕಷ್ಟ ಇದೆ. ಜೋರಾಗಿ ಓದ್ರಿ, ಒಬ್ಬರು ಓದಿ ಉಳಿದವರು ಕೇಳ್ರಿ. ಅದು ಕಿವಿಯ ಪುಸ್ತಕ.

ಒಂದು ಕೆಲಸ ಮಾಡೋಣ. ಹಾಸ್ಟೆಲ್ಲಿನಲ್ಲಿ ಒಂದು ನೋಟುಬುಕ್ಕು ಇಡ್ರಿ. ಕಾದಂಬರಿಯ ಹೆಸರು, ಎಷ್ಟು ಮಂದಿ ಓದಿದರು, ನಮ್ಮವರು ಯಾವ ಪುಟದಲ್ಲಿ ಬಂದರು, ಬಂದು ಏನು ಮಾಡುತ್ತಿದ್ದರು, ಇಷ್ಟು ಬರೀರಿ. ಮುಂದಿನ ಸಲ ಕೂಡಿದಾಗ ಅದನ್ನೇ ಮುಂದಿಟ್ಟುಕೊಂಡು ಮಾತಾಡೋಣ.