ಕೆರೆಗೆ ಬೆಂಕಿ ಬಿದ್ದ ಊರಿನಲ್ಲಿ ಪಾಠ ಹೇಳುವುದು ಹೇಗೆ?

(ಮಾರತ್ತಹಳ್ಳಿಯಲ್ಲಿ ಉಪಾಧ್ಯಾಯರು ಮತ್ತು ಯುವಕ ಯುವತಿಯರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಮಾತನಾಡಬೇಕಾದ ವಿಷಯಕ್ಕೆ ‘ಸುಸ್ಥಿರತೆಯ ಶಿಕ್ಷಣ’ ಎಂಬ ಭಾರವಾದ ಹೆಸರಿಟ್ಟಿದ್ದೀರಿ. ಹೆಸರು ದೊಡ್ಡದಾದರೂ ಅರ್ಥ ಸರಳ. ನಾಳೆ ಬರುವವರ ಪಾಲನ್ನು ಇಂದೇ ತಿಂದುಹಾಕಬಾರದು. ಇಂದು ಇರುವವರಲ್ಲಿಯೂ ಒಬ್ಬರ ಪಾಲನ್ನು ಇನ್ನೊಬ್ಬರು ಕಸಿಯಬಾರದು. ಮೊದಲನೆಯ ಮಾತನ್ನು ಎಲ್ಲರೂ ಹೇಳುತ್ತಾರೆ. ಎರಡನೆಯದನ್ನು ಹೇಳುವವರು ಕಡಿಮೆ. ಎರಡನ್ನೂ ಕೂಡಿಸಿ ಹೇಳಬೇಕೆಂದೇ ನಾವು ಬಂದಿದ್ದೇವೆ.

ಈ ಮಾತಿಗೆ ಮಾರತ್ತಹಳ್ಳಿಗಿಂತ ತಕ್ಕ ಜಾಗ ಬೇರೆ ಬೇಕಿಲ್ಲ. ಇಲ್ಲಿಂದ ಒಂದು ಮಗ್ಗುಲಿಗೆ ಬೆಳ್ಳಂದೂರು ಕೆರೆ, ಇನ್ನೊಂದು ಮಗ್ಗುಲಿಗೆ ವರ್ತೂರು ಕೆರೆ. ಬೆಳ್ಳಂದೂರಿನ ಕೋಡಿ ನೀರು ವರ್ತೂರಿಗೆ ಹೋಗುತ್ತದೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ನಗರದ ಕೊಳಚೆ ತುಂಬಿದ ಆ ಬೆಳ್ಳಂದೂರು ಕೆರೆಯ ನೊರೆಗೆ 2015ರ ಮೇ ತಿಂಗಳಲ್ಲಿ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಕೆರೆ ಮತ್ತೆ ಹೊತ್ತಿತು. 2018ರ ಜನವರಿಯಲ್ಲಿ ಹೊತ್ತಿದಾಗ ಆರಿಸಲು ಸಾವಿರಾರು ಸೈನಿಕರೇ ಬರಬೇಕಾಯಿತು. ನೀರು ಬೆಂಕಿಯನ್ನು ಆರಿಸುತ್ತದೆ ಎಂದು ಶಾಲೆಯಲ್ಲಿ ಕಲಿತ ಮಗು ಕೆರೆಯೇ ಉರಿಯುವುದನ್ನು ಕಂಡಿತು. ಪಾಠ ಸುಳ್ಳೋ ಕೆರೆ ಸುಳ್ಳೋ ಎಂದು ಆ ಮಗು ಕೇಳಿದರೆ ನಮ್ಮಲ್ಲಿ ಉತ್ತರವಿದೆಯೆ?

ಇನ್ನೂ ಕೇಳಿ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಇಲ್ಲಿಯ ಹೊರವರ್ತುಲ ರಸ್ತೆ ಹೊಳೆಯಾಯಿತು. ಕಂಪ್ಯೂಟರ್ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. 2024ರ ಬೇಸಗೆಯಲ್ಲಿ ಇದೇ ಸೀಮೆಯ ಕೊಳವೆಬಾವಿಗಳು ಬತ್ತಿ, ಜನ ಟ್ಯಾಂಕರಿನ ದಾರಿ ಕಾದರು. ಊರು ಒಂದೇ, ನಡುವೆ ಇದ್ದದ್ದು ಎರಡು ವರ್ಷ ಸಹ ಅಲ್ಲ. ಇದು ವರುಣನ ಮುನಿಸೆಂದು ಕೈಮುಗಿದು ಕೂರುವುದು ಬೇಡ. ರಾಜಕಾಲುವೆಯನ್ನು ಒತ್ತಿ, ಕೆರೆಯಂಗಳವನ್ನು ನುಂಗಿ, ಉಳಿದ ನೆಲಕ್ಕೆಲ್ಲ ಕಾಂಕ್ರೀಟು ಹೊದಿಸಿದರೆ ಮಳೆನೀರು ಹರಿಯಲು ದಾರಿಯಿಲ್ಲ, ಇಂಗಲು ಮಣ್ಣಿಲ್ಲ. ಹರಿಯದ ನೀರು ಪ್ರವಾಹವಾಗುತ್ತದೆ. ಇಂಗದ ನೀರು ಬರವಾಗುತ್ತದೆ. ಐದನೆಯ ತರಗತಿಯ ಮಗು ಇಷ್ಟನ್ನು ತಿಳಿಯಬಲ್ಲದು. ಆದರೆ ತಿಳಿಸುವವರಾರು?

ಕಾಗದದ ಮೇಲೆ ಎಲ್ಲವೂ ಇದೆ. ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1991ರಲ್ಲಿಯೇ ಪರಿಸರವನ್ನು ಕಡ್ಡಾಯ ಪಾಠವಾಗಿ ಕಲಿಸಬೇಕೆಂದಿತು. ಹನ್ನೆರಡು ವರ್ಷ ಕಳೆದು 2003ರಲ್ಲಿ ಅದನ್ನೇ ಮತ್ತೆ ಒತ್ತಿ ಹೇಳಬೇಕಾಯಿತು. 2001ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಹಸಿರು ಪಡೆಯನ್ನು ಆರಂಭಿಸಿ, ಶಾಲೆಗಳಲ್ಲಿ ಇಕೋ ಕ್ಲಬ್ಬುಗಳನ್ನು ತೆರೆಯಿತು. ಒಂದು ಕ್ಲಬ್ಬಿಗೆ ಬಹುಕಾಲ ದೊರೆಯುತ್ತಿದ್ದ ಹಣ ವರ್ಷಕ್ಕೆ 2,500 ರೂಪಾಯಿ, ಅಂದರೆ ತಿಂಗಳಿಗೆ ಇನ್ನೂರು ಚಿಲ್ಲರೆ. ವಿಶ್ವಸಂಸ್ಥೆ 2005ರಿಂದ 2014ರವರೆಗಿನ ಕಾಲವನ್ನು ಈ ಶಿಕ್ಷಣದ ದಶಕವೆಂದು ಸಾರಿತು. ದಶಕ ಮುಗಿದ ಮರುವರ್ಷವೇ ನಮ್ಮ ಕೆರೆಗೆ ಬೆಂಕಿ ಬಿತ್ತು.

ತಪ್ಪನ್ನು ಸರಕಾರದ ತಲೆಗೆ ಕಟ್ಟಿ ನಾವು ಜಾರಿಕೊಳ್ಳುವುದಿಲ್ಲ. ಪ್ರತಿವರ್ಷ ಜೂನ್ 5ಕ್ಕೆ ನಾವೂ ಸಸಿ ನೆಟ್ಟಿದ್ದೇವೆ, ಫೋಟೋ ತೆಗೆಸಿಕೊಂಡಿದ್ದೇವೆ. ಮುಂದಿನ ಜೂನಿನಲ್ಲಿ ಅದೇ ಗುಂಡಿಯನ್ನು ಮತ್ತೆ ತೋಡಿದ್ದೇವೆ. ನಡುವೆ ಆ ಗಿಡಕ್ಕೆ ನೀರು ಹಾಕಿದವರಾರು ಎಂದು ಒಬ್ಬ ಹುಡುಗಿ ಕೇಳಿದಳು. ನಾವು ತಲೆತಗ್ಗಿಸಿದೆವು. ಆ ದಿನ ಕಲಿತವರು ನಾವು, ಕಲಿಸಿದವಳು ಆಕೆ.

ಇನ್ನೊಂದು ಮಾತು. ಬಾಡಿಗೆಯ ತಗಡಿನ ಮನೆಯಲ್ಲಿ ಎರಡು ಕೊಡ ನೀರಿನಲ್ಲಿ ದಿನ ನೂಕುವ ತಾಯಿಯ ಮಗನಿಗೆ ‘ನೀರನ್ನು ಮಿತವಾಗಿ ಬಳಸು’ ಎಂದು ಪಾಠ ಹೇಳುವುದು ಗಾಯದ ಮೇಲೆ ಬರೆ ಎಳೆದಂತೆ. ಆ ಪಾಠ ಈಜುಕೊಳವಿರುವ ಬಡಾವಣೆಗೆ ಮೊದಲು ಸಲ್ಲಬೇಕು. ನಗರದ ಕಸವನ್ನು ವರ್ಷಗಟ್ಟಲೆ ಕೆ.ಆರ್. ಪುರದಾಚೆಯ ಮಂಡೂರಿಗೆ ಸುರಿದರು. 2014ರಲ್ಲಿ ಮಂಡೂರಿನ ಜನ ಬೀದಿಗಿಳಿದಾಗ, ತಮ್ಮ ಕಸಕ್ಕೂ ಒಂದು ಊರಿದೆ ಎಂಬುದು ನಗರದ ಎಷ್ಟೋ ಮಂದಿಗೆ ಗೊತ್ತಾಯಿತು. ಯಾರು ಬಳಸುತ್ತಾರೆ, ಯಾರು ಹೊರುತ್ತಾರೆ ಎಂಬ ಪ್ರಶ್ನೆಯನ್ನು ಬಿಟ್ಟು ಪರಿಸರದ ಪಾಠ ಮಾಡಿದರೆ ಅದು ಅರ್ಧ ಪಾಠ.

ಆಗದೆಂದು ಕೈಚೆಲ್ಲಬೇಕಾಗಿಲ್ಲ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಒಂದು ಕಾಲಕ್ಕೆ ಒಣಗಿ, ಕೊಳಚೆ ತುಂಬಿ ಹಾಳಾಗಿತ್ತು. ಸುತ್ತಲಿನ ನಾಗರಿಕರು ಬೆನ್ನುಹತ್ತಿದರು, ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಕೈಹಾಕಿತು, 2011ರ ಹೊತ್ತಿಗೆ ಅಲ್ಲಿ ಮತ್ತೆ ನೀರು ನಿಂತಿತು, ಹಕ್ಕಿ ಬಂತು. ಕೆರೆಯ ಮಗ್ಗುಲಲ್ಲೇ ಸರಕಾರಿ ಶಾಲೆ. ಮಕ್ಕಳಿಗೆ ಕೆರೆಯ ದಂಡೆಯೇ ತರಗತಿಯಾಗಬಲ್ಲದು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ನಡೆಸುತ್ತ ಬಂದ ಕೆರೆ ಸಮ್ಮೇಳನಗಳಲ್ಲಿ ಶಾಲೆಯ ಮಕ್ಕಳು ತಾವೇ ಅಳೆದು, ಪರೀಕ್ಷಿಸಿ ಬರೆದ ಪ್ರಬಂಧಗಳನ್ನು ಓದಿದ್ದಾರೆ. ನಮ್ಮ ಮಕ್ಕಳಿಗೆ ಬುದ್ಧಿ ಕಡಿಮೆಯಿಲ್ಲ. ನಾವು ಕೊಡುವ ಕೆಲಸ ಕಡಿಮೆ.

ಆದುದರಿಂದ ಮಾರತ್ತಹಳ್ಳಿಯ ಶಾಲೆಗಳ ಮುಂದೆ ಮೂರು ಕೆಲಸಗಳನ್ನು ಇಡುತ್ತೇವೆ.

ಮೊದಲನೆಯದು, ನೀರಿನ ದಾರಿ ಹುಡುಕುವುದು. ಶಾಲೆಯ ಅಂಗಳದಲ್ಲಿ ಬಿದ್ದ ಮಳೆ ಯಾವ ಚರಂಡಿಗೆ, ಯಾವ ರಾಜಕಾಲುವೆಗೆ, ಯಾವ ಕೆರೆಗೆ ಹೋಗುತ್ತದೆ? ದೊಡ್ಡವರೊಬ್ಬರ ಜೊತೆ ಮಕ್ಕಳು ನಡೆದು ನೋಡಿ ನಕ್ಷೆ ಬರೆಯಲಿ. ಹಳಬರನ್ನು ಕೇಳಲಿ: ತೂಬು ಎಲ್ಲಿತ್ತು, ಕೋಡಿ ಎಲ್ಲಿ ಬೀಳುತ್ತಿತ್ತು, ಗದ್ದೆಗೆ ನೀರು ಹಂಚುತ್ತಿದ್ದ ನೀರಗಂಟಿ ಯಾರು? ಈ ವಿದ್ಯೆ ಬಲ್ಲ ಮುದುಕರು ಇನ್ನು ಬಹಳ ಮಂದಿ ಉಳಿದಿಲ್ಲ.

ಎರಡನೆಯದು, ಲೆಕ್ಕ. ಒಂದು ಚದರ ಮೀಟರು ಚಾವಣಿಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರು ಮಳೆ. 200 ಚದರ ಮೀಟರಿನ ಶಾಲೆಯ ಚಾವಣಿಗೆ 1,94,000 ಲೀಟರು. ಐದರಲ್ಲೊಂದು ಪಾಲು ಪೋಲಾಯಿತೆಂದರೂ ಒಂದೂವರೆ ಲಕ್ಷ ಉಳಿಯಿತು. 6,000 ಲೀಟರಿನ ಟ್ಯಾಂಕರುಗಳಲ್ಲಿ ಇಪ್ಪತ್ತೈದು! 2024ರ ಮಾರ್ಚಿನಲ್ಲಿ ಜಿಲ್ಲಾಡಳಿತ ಹತ್ತಿರದ ದೂರಕ್ಕೆ ಗೊತ್ತುಮಾಡಿದ 600 ರೂಪಾಯಿ ದರದಲ್ಲೇ ಇದು 15,000 ರೂಪಾಯಿಯ ನೀರು. ನೂರು ಕಿಲೋಮೀಟರು ದೂರದಿಂದ ಕಾವೇರಿಯನ್ನು ಮೇಲೆತ್ತಿ ತರುವ ನಗರ, ತಲೆಯ ಮೇಲೆ ಬೀಳುವ ನೀರನ್ನು ಚರಂಡಿಗೆ ಬಿಡುತ್ತಿದೆ. ಈ ಗುಣಾಕಾರ ಕಲಿತ ಮಗುವಿಗೆ ಗಣಿತವೂ ಬಂತು, ಪೌರನೀತಿಯೂ ಬಂತು.

ಮೂರನೆಯದು, ಕೇಳುವ ಹಕ್ಕು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ಎಂಬುದಿದೆ. ಮಕ್ಕಳು ಎದ್ದುನಿಂತು ಕೇಳುತ್ತಾರೆ, ಅಧಿಕಾರಿಗಳು ಉತ್ತರ ಹೇಳಬೇಕು. ಹೆಸರಿನಲ್ಲಿ ಮಾತ್ರ ಹಳ್ಳಿಯಾಗಿ ಉಳಿದ ಮಾರತ್ತಹಳ್ಳಿಯ ಮಕ್ಕಳಿಗೆ ಆ ಭಾಗ್ಯ ಏಕೆ ಬೇಡ? 2025ರಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಹಂಚಿದ್ದು ಆಡಳಿತ ಜನರ ಹತ್ತಿರ ಬರಲೆಂದು ಹೇಳಿದರು. ಹಾಗಿದ್ದರೆ ವಾರ್ಡಿಗೊಂದು ಮಕ್ಕಳ ಸಭೆ ವರ್ಷಕ್ಕೆ ಎರಡು ಸಲ ನಡೆಯಲಿ. ಮಕ್ಕಳ ನಕ್ಷೆ, ಮಕ್ಕಳ ಲೆಕ್ಕ ಮೇಜಿನ ಮೇಲೆ ಬರಲಿ. ಉತ್ತರ ಬರಹದಲ್ಲಿ ದೊರೆಯಲಿ.

ಉಪಾಧ್ಯಾಯ ಮಿತ್ರರ ಅಳಲು ನಮಗೆ ಗೊತ್ತು. ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಲ್ಲ ನಿಮ್ಮ ಹೆಗಲಿಗೆ. ಅದರ ಮೇಲೆ ಇದೊಂದು ಹೊರೆಯೆ ಎಂದು ನೀವು ಕೇಳಿದರೆ ತಪ್ಪಲ್ಲ. ಅದಕ್ಕೇ ಹೊಸ ಪುಸ್ತಕ ಬೇಡ, ಹೊಸ ಪರೀಕ್ಷೆ ಬೇಡ ಎನ್ನುತ್ತೇವೆ. ಇರುವ ಗಣಿತ, ವಿಜ್ಞಾನ, ಕನ್ನಡ ಪಾಠಗಳನ್ನೇ ವಾರಕ್ಕೊಮ್ಮೆ ಗೋಡೆಯಾಚೆಗೆ ಒಯ್ಯಿರಿ. ಜೊತೆಗೆ ನಡೆಯಲು ಊರಿನ ತರುಣರು ಬರಬೇಕು. ಇಲ್ಲಿ ಕುಳಿತಿರುವ ಸಂಗಾತಿಗಳೆ, ಒಬ್ಬೊಬ್ಬರು ತಿಂಗಳಿಗೆ ಒಂದು ಶನಿವಾರ ಕೊಡಲಾರಿರಾ?

ಕೊನೆಗೆ ಒಂದು ಎಚ್ಚರಿಕೆ. ದೊಡ್ಡವರು ಕೆಡಿಸಿದ್ದನ್ನು ಮಕ್ಕಳು ಸರಿಪಡಿಸಲಿ ಎಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಕೆರೆಗೆ ಕೊಳಚೆ ಬಿಟ್ಟವರು ಮಕ್ಕಳಲ್ಲ, ಕಾಲುವೆ ನುಂಗಿದವರು ಮಕ್ಕಳಲ್ಲ. ಸರಿಪಡಿಸುವ ಹೊಣೆ ನಮ್ಮದು, ಅಧಿಕಾರದಲ್ಲಿರುವವರದು. ಮಕ್ಕಳಿಗೆ ನಾವು ಕೊಡಬೇಕಾದದ್ದು ನೋಡುವ ಕಣ್ಣು, ಅಳೆಯುವ ಕೋಲು, ಕೇಳುವ ಧೈರ್ಯ. ಇವು ಮೂರು ಇದ್ದ ಮಕ್ಕಳು ಬೆಳೆದು ನಿಂತರೆ ಮುಂದೆ ಯಾವ ಕೆರೆಗೂ ಅಷ್ಟು ಸುಲಭವಾಗಿ ಬೆಂಕಿ ಬೀಳಲಾರದು.

ಬರುವ ಶನಿವಾರದ ಕೆಲಸಕ್ಕೆ ಹೆಸರು ಬರೆದುಕೊಳ್ಳಲು ಬಾಗಿಲ ಬಳಿ ಒಂದು ಪುಸ್ತಕ ಇಟ್ಟಿದ್ದೇವೆ, ಬರೆಯದೆ ಹೋಗಬೇಡಿ.