ಹಿತ್ತಲ ಗಿಡವೂ ಕೊರಳ ಗ್ರಂಥಿಯೂ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಹುಟ್ಟಿದ್ದು ಹತ್ತಿರದ್ದನ್ನು ಹಗುರವಾಗಿ ಕಾಣುವ ನಮ್ಮ ಸ್ವಭಾವವನ್ನು ಕುರಿತು. ಈಗ ಗಾಳಿ ತಿರುಗಿದೆ. ಗಿಡದಿಂದ ಬಂದದ್ದೆಲ್ಲ ನಿರಪಾಯವೆಂಬ ನಂಬಿಕೆ ಮನೆಮನೆಯಲ್ಲಿದೆ. ಥೈರಾಯಿಡ್ ಗ್ರಂಥಿಯ ಅತಿಚಟುವಟಿಕೆಯನ್ನು ಮುಂದಿಟ್ಟುಕೊಂಡು ಈ ನಂಬಿಕೆಯನ್ನು ತುಸು ಪರೀಕ್ಷಿಸೋಣ.

ಕೊರಳ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಈ ಗ್ರಂಥಿ, ಆಹಾರದ ಅಯೋಡಿನ್ನನ್ನು ಬಳಸಿ ಥೈರಾಕ್ಸಿನ್ ಎಂಬ ರಸವನ್ನು ತಯಾರಿಸುತ್ತದೆ. ದೇಹದ ಒಲೆ ಎಷ್ಟು ಉರಿಯಬೇಕೆಂಬುದು ಬಹುಮಟ್ಟಿಗೆ ಇದರ ಕೈಯಲ್ಲಿದೆ. ರಸ ಹೆಚ್ಚಿದರೆ ಹಸಿವಿದ್ದೂ ಮೈ ಇಳಿಯುತ್ತದೆ. ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ನಿದ್ದೆ ದೂರವಾಗುತ್ತದೆ. ಡಬ್ಲಿನ್ನಿನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿ ವರ್ಣಿಸಿದ, ಅವನ ಹೆಸರನ್ನೇ ಹೊತ್ತ ರೋಗ ಇದಕ್ಕೆ ಮುಖ್ಯ ಕಾರಣ. ಮಾತ್ರೆ, ವಿಕಿರಣ ಅಯೋಡಿನ್, ಶಸ್ತ್ರಕ್ರಿಯೆ ಇದರ ಚಿಕಿತ್ಸೆಗಳು.

ಯೂರೋಪಿನಲ್ಲಿ ತುಳಸಿಯ ಕುಟುಂಬಕ್ಕೆ ಸೇರಿದ ಲೈಕೋಪಸ್, ಮೆಲಿಸ್ಸಾ ಎಂಬ ಮೂಲಿಕೆಗಳನ್ನು ಈ ರೋಗಕ್ಕೆ ಬಳಸುತ್ತ ಬಂದಿದ್ದಾರೆ. ಪ್ರಯೋಗಶಾಲೆಯಲ್ಲಿ ಇವುಗಳ ಸಾರ ಗ್ರಂಥಿಯ ಪ್ರಚೋದನೆಯನ್ನು ತಡೆದದ್ದುಂಟು. ರೋಗಿಗಳ ಮೇಲೆ ನಡೆದ ಪರೀಕ್ಷೆಗಳು ಮಾತ್ರ ಕೆಲವೇ. ಸೌಮ್ಯವಾದ ರೋಗದಲ್ಲಿ, ವೈದ್ಯರ ಕಣ್ಣಳತೆಯಲ್ಲಿ ಅವು ಜೊತೆಗಾರರಾಗಬಹುದು. ಕಾರ್ಬಿಮಜೋಲ್ ಮಾತ್ರೆಯ ಸ್ಥಾನವನ್ನು ತುಂಬಲಾರವು.

ನಮ್ಮಲ್ಲಿ ಅಪಾಯ ಬರುವುದು ಬೇರೆ ದಾರಿಯಿಂದ. ನನ್ನ ತಂಗಿಗೆ ಈ ರೋಗವೆಂದು ತಿಳಿದಾಗ ಹಿರಿಯ ಬಂಧುವೊಬ್ಬರು ಅಕ್ಕರೆಯಿಂದ ಅಶ್ವಗಂಧದ ಚೂರ್ಣ ತಂದರು. “ನಿತ್ರಾಣಕ್ಕೂ ನಿದ್ದೆಗೂ ಇದಕ್ಕಿಂತ ಮದ್ದುಂಟೇನಮ್ಮ? ಆ ಮಾತ್ರೆ ಸಾಕು ಮಾಡು” ಎಂದರು. ತಂಗಿ ವೈದ್ಯರನ್ನು ಕೇಳಿದಳು, ಅವರು ಬೇಡವೆಂದರು. ಹಿರೇಮದ್ದೆಂದು ನಾವು ಗೌರವದಿಂದ ಕರೆಯುವ ಈ ಬೇರನ್ನು ಇಂದೋರಿನ ಸಂಶೋಧಕರು ಇಲಿಗಳಿಗೆ ಕೊಟ್ಟು ನೋಡಿ 1998ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಥೈರಾಕ್ಸಿನ್ ಏರಿತ್ತು. ಅದನ್ನು ಸೇವಿಸಿದ ಮನುಷ್ಯರಲ್ಲಿಯೂ ಈ ರಸ ಮಿತಿಮೀರಿದ ಪ್ರಸಂಗಗಳು ವೈದ್ಯಪತ್ರಿಕೆಗಳಲ್ಲಿ ದಾಖಲಾಗಿವೆ. ಬಲಹೀನನಿಗೆ ಬಲವಾಗುವ ಬೇರು ಈ ರೋಗಿಗೆ ಉರಿಯುವ ಒಲೆಗೆ ಹೊಯ್ದ ತುಪ್ಪವಾದೀತು.

ಇನ್ನೊಂದು ಎಚ್ಚರ. ಕಾರ್ಬಿಮಜೋಲ್ ಕೂಡ ದೋಷರಹಿತವಲ್ಲ. ಅಪರೂಪಕ್ಕೆ ಅದು ರಕ್ತದ ಬಿಳಿಯ ಕಣಗಳನ್ನು ತೀರ ಕುಗ್ಗಿಸುತ್ತದೆ. ಜ್ವರ, ಗಂಟಲುನೋವು ಅದರ ಮೊದಲ ಸೂಚನೆ. ಆಗ ಶುಂಠಿ ಕಷಾಯ ಕುಡಿದು ಎರಡು ದಿನ ನೋಡೋಣವೆನ್ನುವುದು ಪ್ರಾಣಕ್ಕೇ ಎರವಾದೀತು. ಮಾತ್ರೆಯನ್ನು ತಡೆದು, ಅಂದೇ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಬೇಕು.

ಗದರಿಯಾರೆಂಬ ಅಂಜಿಕೆಯಿಂದ, ಮನೆಯಲ್ಲಿ ಸೇವಿಸುವ ಲೇಹ್ಯ, ಚೂರ್ಣ, ಕಷಾಯಗಳ ಸುದ್ದಿಯನ್ನು ವೈದ್ಯರ ಮುಂದೆ ಮುಚ್ಚಿಡುವವರು ನಮ್ಮಲ್ಲಿ ಅನೇಕರು. ದಯವಿಟ್ಟು ಮುಚ್ಚಿಡಬೇಡಿ. ಡಬ್ಬಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ ತೋರಿಸಿ.